ಡಾಕ್ಟರ್ ಮುಂದೆ ನಾರ್ಮಲ್, ಮನೆಯಲ್ಲಿ ಹೈ: ಅಡಗಿ ಕೂತ ಬಿಪಿಯನ್ನು ಹಿಡಿಯುವ ಬಗೆ

ನಮ್ಮ ಮನೆಗೆ ಬಿಪಿ ಮಷಿನ್ ಬಂದಿದ್ದು ಅಮ್ಮನಿಗೋಸ್ಕರ. ಹನುಮಂತನಗರದ ನಮ್ಮ ಡಾಕ್ಟರ್ ಹತ್ತಿರ ಹೋದಾಗೆಲ್ಲ ಅವಳ ಬಿಪಿ 160ರ ಆಸುಪಾಸಿನಲ್ಲೇ ಇರುತ್ತಿತ್ತು. "ಒಂದು ವಾರ ಮನೆಯಲ್ಲೇ ಅಳೆದು ಬರ್ಕೊಂಡು ಬನ್ನಿ, ಆಮೇಲೆ ಮಾತ್ರೆ ವಿಚಾರ ನೋಡೋಣ" ಎಂದರು ಡಾಕ್ಟರ್. ಗಾಂಧಿ ಬಜಾರಿನ ಮೆಡಿಕಲ್ ಶಾಪಿನಿಂದ ಮಷಿನ್ ತಂದೆ. ಮಾರನೇ ಬೆಳಿಗ್ಗೆ ಅಮ್ಮನದು 128/76 ಬಂತು. ಮಷಿನ್ ಸರಿ ಇದೆಯೋ ಇಲ್ಲವೋ ನೋಡೋಣ ಅಂತ ಸುಮ್ನೆ ನನ್ನ ತೋಳಿಗೂ ಕಟ್ಟಿಕೊಂಡೆ. 148/94.

"ಮಷಿನ್ ಕೆಟ್ಟಿದೆ ಕಣಮ್ಮ" ಅಂದೆ.

ಅಮ್ಮ ಕನ್ನಡಕ ಏರಿಸಿ ನೋಡಿದಳು. "ನಂದು ಸರಿಯಾಗೇ ತೋರಿಸ್ತಲ್ಲೋ. ನಿಂಗೆ ಮಾತ್ರ ಕೆಟ್ಟೋಯ್ತಾ?"

ನನಗೆ 44 ವರ್ಷ. ಆಫೀಸಿನ ವಾರ್ಷಿಕ ಚೆಕಪ್‌ನಲ್ಲಿ ಪ್ರತಿ ಸಲ 126, 128 ಅಂತ ಬಂದು, ನಾರ್ಮಲ್ ಅಂತಲೇ ಬರೆದುಕೊಟ್ಟಿದ್ದರು. ಅದೇನೂ ಸುಳ್ಳಲ್ಲ. ಆ ಹೊತ್ತಿಗೆ ಅಷ್ಟೇ ಇತ್ತು. ಮಿಕ್ಕ ಹೊತ್ತಿನಲ್ಲಿ ಎಷ್ಟಿತ್ತು ಅನ್ನುವುದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅಮ್ಮನಿಗೆ ಇದ್ದದ್ದು ಬಿಳಿ ಕೋಟಿನ ಬಿಪಿ. ಡಾಕ್ಟರನ್ನು ನೋಡಿದರೆ ಏರುತ್ತದೆ, ಮನೆಗೆ ಬಂದರೆ ಇಳಿಯುತ್ತದೆ. ನನ್ನದು ಅದಕ್ಕೆ ತಿರುಗುಮುರುಗು. ಇದಕ್ಕೆ ಮಾಸ್ಕ್‌ಡ್ ಹೈಪರ್‌ಟೆನ್ಷನ್ ಅಂತ ಹೆಸರು. ಥಾಮಸ್ ಪಿಕರಿಂಗ್ ಎಂಬ ವೈದ್ಯ 2002ರಲ್ಲಿ ಇಟ್ಟ ಹೆಸರು. ಮುಸುಕು ಹಾಕಿಕೊಂಡ ಬಿಪಿ. ಕ್ಲಿನಿಕ್‌ನಲ್ಲಿ 140/90ಕ್ಕಿಂತ ಕಡಿಮೆ, ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ಇದು. ಕ್ಲಿನಿಕ್‌ನಲ್ಲಿ ನಾರ್ಮಲ್ ಅನ್ನಿಸಿಕೊಂಡವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಇದು ಇರುತ್ತದೆ.

ಮುಸುಕು ಬೀಳುವುದು ಯಾರಿಗೆ?

ನನ್ನ ಕಥೆಯನ್ನೇ ನೋಡಿ. ಚೆಕಪ್ ದಿನ ರಜೆ ಹಾಕಿರುತ್ತೇನೆ. ಲ್ಯಾಬಿನಲ್ಲಿ ಎಸಿ, ಮೆತ್ತನೆ ಕುರ್ಚಿ, ಮುಕ್ಕಾಲು ಗಂಟೆ ಸುಮ್ಮನೆ ಕೂತಿರುವುದು. ಆಮೇಲೆ ನರ್ಸ್ ಬಂದು ಬಿಪಿ ನೋಡುತ್ತಾರೆ. ವರ್ಷದಲ್ಲಿ ನಾನು ಅಷ್ಟು ಆರಾಮಾಗಿ ಇರುವುದು ಅದೊಂದೇ ದಿನ! ಮಿಕ್ಕ ದಿನ ಸಿಲ್ಕ್ ಬೋರ್ಡ್ ದಾಟಿ ಔಟರ್ ರಿಂಗ್ ರೋಡಿಗೆ ಹೋಗಬೇಕು, ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕಾಲ್, ಮಲಗುವುದು ಹನ್ನೆರಡೂವರೆಗೆ.

ಸಿಗರೇಟು ಸೇದುವವರಿಗೆ ಸೇದಿದ ಮೇಲೆ ಸ್ವಲ್ಪ ಹೊತ್ತು ಬಿಪಿ ಏರಿರುತ್ತದೆ. ಡಾಕ್ಟರ್ ಎದುರು ಯಾರೂ ಸೇದುವುದಿಲ್ಲವಲ್ಲ, ಅಲ್ಲಿ ಕಾಣುವುದಿಲ್ಲ. ಗುಂಡು ಹಾಕುವವರಿಗೆ ರಾತ್ರಿ ಕೆಲವು ಗಂಟೆ ಬಿಪಿ ಇಳಿದು, ಬೆಳಿಗ್ಗೆ ಏರುತ್ತದೆ. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವವರು, ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ತೊಂದರೆ ಇರುವವರು, ಹೊಟ್ಟೆ ಬಂದವರು, ಅಪ್ಪ ಅಮ್ಮನಿಗೆ ಬಿಪಿ ಇದ್ದವರು, ರಾತ್ರಿ ಪಾಳಿಯವರು ಇವರೆಲ್ಲ ಮನೆಯಲ್ಲೊಮ್ಮೆ ಅಳೆದು ನೋಡುವುದು ಒಳ್ಳೆಯದು. ಕ್ಲಿನಿಕ್‌ನಲ್ಲಿ 130ರಿಂದ 139ರ ನಡುವೆ ಬಂದು "ಬಾರ್ಡರ್‌ನಲ್ಲಿದೆ" ಅನ್ನಿಸಿಕೊಂಡವರಂತೂ ಖಂಡಿತ ನೋಡಬೇಕು.

ಈಗಾಗಲೇ ಮಾತ್ರೆ ತೊಗೊಳ್ಳುವವರಿಗೂ ಇದು ಇದೆ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಹನ್ನೊಂದಕ್ಕೆ ಡಾಕ್ಟರ್ ಹತ್ತಿರ ಹೋದರೆ ಮಾತ್ರೆ ಜೋರಾಗಿ ಕೆಲಸ ಮಾಡುವ ಹೊತ್ತಿನ ಬಿಪಿ ಸಿಗುತ್ತದೆ. ಮಾರನೇ ಬೆಳಿಗ್ಗೆ ಆರಕ್ಕೆ, ಅದರ ಪ್ರಭಾವ ಕಮ್ಮಿಯಾದಾಗ ಎಷ್ಟಿದೆ ಅನ್ನುವುದು ಡಾಕ್ಟರಿಗೆ ಗೊತ್ತಾಗುವುದೇ ಇಲ್ಲ.

ಹೃದಯಕ್ಕೇನು ಕಷ್ಟ?

ಸಂಪಿನಿಂದ ಮೂರನೇ ಮಹಡಿಯ ಟ್ಯಾಂಕಿಗೆ ನೀರು ಎತ್ತುವ ಮೋಟಾರ್ ನೋಡಿದ್ದೀರಲ್ವಾ? ಅದೇ ಮೋಟಾರಿನಿಂದ ಐದನೇ ಮಹಡಿಗೆ ನೀರು ಎತ್ತಿಸಿ. ಎತ್ತುತ್ತದೆ. ಆದರೆ ಬಿಸಿಯಾಗುತ್ತದೆ, ಸದ್ದು ಬದಲಾಗುತ್ತದೆ, ಬೇಗ ಸುಟ್ಟುಹೋಗುತ್ತದೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಒಂದೊಂದು ಸಲವೂ ಹೆಚ್ಚಿನ ಒತ್ತಡದ ಎದುರು ರಕ್ತ ತಳ್ಳಬೇಕು.

ಮೋಟಾರಿಗೂ ಹೃದಯಕ್ಕೂ ಒಂದು ವ್ಯತ್ಯಾಸ ಇದೆ. ಹೃದಯ ಸ್ನಾಯು. ಜಿಮ್ಮಿನಲ್ಲಿ ತೋಳು ದಪ್ಪ ಆದ ಹಾಗೆ ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಎಡ ಕೆಳಕೋಣೆಯ ಗೋಡೆ ದಪ್ಪ ಆಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ದಪ್ಪ ಗೋಡೆ ಬಿಗಿ. ಸರಿಯಾಗಿ ಸಡಿಲ ಆಗಿ ರಕ್ತ ತುಂಬಿಕೊಳ್ಳಲು ಆಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಹೀಗೂ ಶುರುವಾಗಬಹುದು. ಅದರ ಹಿಂದಿನ ಮೇಲ್ಕೋಣೆ ಹಿಗ್ಗಿ ಬಡಿತ ತಾಳ ತಪ್ಪಬಹುದು, ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಇನ್ನೊಂದು ಕಡೆ, ಹೃದಯಕ್ಕೇ ರಕ್ತ ಕೊಡುವ ನಾಳಗಳ ಒಳಪದರ ಹಾಳಾಗಿ ಕೊಬ್ಬು ಕಟ್ಟುವುದು ಬೇಗ ಆಗುತ್ತದೆ. ಕಿಡ್ನಿ, ಕಣ್ಣುಗಳಿಗೂ ಪೆಟ್ಟು.

ಮುಸುಕಿನ ಬಿಪಿ ಇರುವವರಿಗೆ ಇದರ ಅಪಾಯ, ಬಿಪಿ ಇದೆ ಅಂತ ಬಹಿರಂಗವಾಗಿ ಗೊತ್ತಿರುವವರ ಅಪಾಯಕ್ಕೆ ಹತ್ತಿರ ಹತ್ತಿರವೇ ಇರುತ್ತದೆ. ಅವರಾದರೂ ಮಾತ್ರೆ ತೊಗೊಳ್ಳುತ್ತಾರೆ, ನಾವು "ನಂದು ನಾರ್ಮಲ್" ಅಂತ ಉಪ್ಪಿನಕಾಯಿ ನೆಕ್ಕುತ್ತಾ ಇರುತ್ತೇವೆ.

"ತಲೆನೋವಿಲ್ಲ, ತಲೆಸುತ್ತಿಲ್ಲ, ಬಿಪಿ ಎಲ್ಲಿಂದ ಬಂತು?" ಅನ್ನುವುದು ನಮ್ಮಲ್ಲಿ ಮಾಮೂಲಿ ಮಾತು. ಬಿಪಿ ಬಹಳ ಸಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ಬಂದಾಗ ಜಯದೇವ ಆಸ್ಪತ್ರೆಗೆ ಜನ ತಪಾಸಣೆಗೆ ಮುಗಿಬಿದ್ದರು. ನಮ್ಮ ಆಫೀಸಿನಲ್ಲೂ ಆ ವಾರ ಅರ್ಧ ಜನ ಇಸಿಜಿ ಮಾಡಿಸಿಕೊಂಡು ಬಂದರು. ಇಸಿಜಿ ಚೆನ್ನಾಗಿದ್ದರೆ ಬಿಪಿ ಚೆನ್ನಾಗಿದೆ ಅಂತೇನೂ ಅಲ್ಲ. ಆಗ ಯಾರೂ ಒಂದು ವಾರ ಕೂತು ಬಿಪಿ ಅಳೆದಿದ್ದು ನನಗೆ ಗೊತ್ತಿಲ್ಲ. ನಾನೂ ಅಳೆದಿರಲಿಲ್ಲ.

ಮಷಿನ್ ಕೊಳ್ಳುವಾಗ

ತೋಳಿಗೆ ಕಟ್ಟುವ, ತಾನೇ ಗಾಳಿ ತುಂಬಿಕೊಳ್ಳುವ ಮಷಿನ್ ತೊಗೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ಚಿಕ್ಕದು, ಚೊಕ್ಕದು, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ. ಬೆರಳಿಗೆ ಹಾಕುವುದು ಬೇಡವೇ ಬೇಡ. ಸ್ಮಾರ್ಟ್ ವಾಚ್ ತೋರಿಸುವ ಬಿಪಿ ನಂಬಿಕೊಂಡು ಮಾತ್ರೆಯ ತೀರ್ಮಾನ ಮಾಡಬೇಡಿ. ಆ ಮಾಡೆಲ್ ಸರಿಯಾಗಿ ಪರೀಕ್ಷೆ ಆಗಿದೆಯೋ ಅನ್ನುವುದನ್ನು ಸ್ಟ್ರೈಡ್ ಬಿಪಿ ಎಂಬ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಬಹುದು. ಬ್ಲೂಟೂತ್, ಬಣ್ಣದ ಪರದೆ, ಮಾತಾಡುವ ಮಷಿನ್, ಇವಕ್ಕೆಲ್ಲ ಜಾಸ್ತಿ ದುಡ್ಡು ಕೊಡುವುದು ನನಗೆ ದಂಡ ಅನ್ನಿಸುತ್ತದೆ.

ಅಂಗಡಿಯವರು ಹೇಳದೇ ಇರುವುದು ಪಟ್ಟಿಯ ಅಳತೆ. ಕಫ್ ಅಂತಾರಲ್ಲ, ತೋಳಿಗೆ ಸುತ್ತುವ ಬಟ್ಟೆ ಪಟ್ಟಿ, ಅದು. ಹೋಗುವ ಮೊದಲು ಟೈಲರ್ ಟೇಪ್ ತೊಗೊಂಡು ಭುಜಕ್ಕೂ ಮೊಣಕೈಗೂ ಮಧ್ಯದಲ್ಲಿ ತೋಳಿನ ಸುತ್ತಳತೆ ನೋಡಿ. ಮಾಮೂಲಿ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ನನ್ನದು 34. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡದು ಕಟ್ಟಿದರೆ ಇರುವ ಬಿಪಿ ಮುಚ್ಚಿಹೋಗುತ್ತದೆ. ಹಾಗಾಗಿ ನಾನು ಮತ್ತೆ ಹೋಗಿ ದೊಡ್ಡ ಪಟ್ಟಿ ತಂದೆ. ನನ್ನ 148 ಎಲ್ಲ ಪಟ್ಟಿಯ ಆಟ ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ದೊಡ್ಡ ಪಟ್ಟಿಯಲ್ಲಿ 146 ಬಂತು.

ಮಷಿನ್ ಅನ್ನು ಒಮ್ಮೆ ಡಾಕ್ಟರ್ ಹತ್ತಿರ ತೊಗೊಂಡು ಹೋಗಿ, ಅವರದರ ಜೊತೆ ತಾಳೆ ನೋಡಿಸಿ. ಆಮೇಲೆ ವರ್ಷಕ್ಕೊಮ್ಮೆ ಸಾಕು.

ಅಳೆಯುವುದು

ಬೆಳಿಗ್ಗೆ ಎದ್ದು ಒಂದು ಗಂಟೆಯ ಒಳಗೆ. ಬಾತ್‌ರೂಮಿಗೆ ಹೋಗಿ ಬನ್ನಿ, ಮೂತ್ರ ಕಟ್ಟಿಕೊಂಡು ಕೂತರೆ ಬಿಪಿ ಏರುತ್ತದೆ. ಕಾಫಿಗಿಂತ ಮುಂಚೆ, ತಿಂಡಿಗಿಂತ ಮುಂಚೆ, ಮಾತ್ರೆ ಇದ್ದರೆ ಮಾತ್ರೆಗಿಂತಲೂ ಮುಂಚೆ. ಕಾಫಿ ಕುಡಿದಾಗಿದ್ದರೆ ಅರ್ಧ ಗಂಟೆ ತಡೆಯಿರಿ. ಸಿಗರೇಟಿಗೂ ವಾಕಿಂಗಿಗೂ ಅದೇ ಲೆಕ್ಕ. ನಮ್ಮ ಮನೆಯಲ್ಲಿ ಇದೇ ದೊಡ್ಡ ಜಗಳ. ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುವಾಗ ತೋಳು ಚಾಚಿ ಕೂರುವುದು ಸುಲಭವಲ್ಲ.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ಸೋಫಾ ಬೇಡ, ಮೈ ಕುಸಿಯುತ್ತದೆ. ಊಟದ ಟೇಬಲ್ಲೇ ಸರಿ. ಪಾದ ಎರಡೂ ನೆಲದ ಮೇಲೆ. ಕಾಲಿನ ಮೇಲೆ ಕಾಲು ಹಾಕಬೇಡಿ, ಚಕ್ಕಳಮಕ್ಕಳ ಹಾಕಿ ಕುರ್ಚಿ ಮೇಲೆ ಕೂರುವ ಅಭ್ಯಾಸ ಇದ್ದರೆ ಅದೂ ಬೇಡ. ತೋಳು ಟೇಬಲ್ ಮೇಲೆ ಇರಲಿ, ಪಟ್ಟಿ ಎದೆಯ ಮಟ್ಟಕ್ಕೆ ಬರಲಿ. ಟೇಬಲ್ ತಗ್ಗಿದ್ದರೆ ಕೈಯ ಕೆಳಗೆ ದಿಂಬು ಇಡಿ. ಕೈ ಜೋತುಬಿಟ್ಟು ಅಳೆದರೆ ಐದಾರು ಅಂಕಿ ಸುಮ್ಮನೆ ಜಾಸ್ತಿ ತೋರಿಸುತ್ತದೆ.

ಬರಿ ತೋಳಿಗೆ ಕಟ್ಟಿ. ಶರ್ಟಿನ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿದರೆ ಅದೇ ಹಗ್ಗ ಕಟ್ಟಿದ ಹಾಗೆ ಆಗುತ್ತದೆ. ಅಮ್ಮನ ರವಿಕೆ ತೋಳೂ ಹಾಗೇ, ಅದಕ್ಕೆ ಅಳೆಯುವ ಹೊತ್ತಿಗೆ ಸಡಿಲ ನೈಟಿಯೇ ಅನುಕೂಲ ಅಂತ ಅವಳೇ ಕಂಡುಕೊಂಡಳು. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಗಾಳಿಯ ಕೊಳವೆ ತೋಳಿನ ಒಳಬದಿಗೆ ಬರಲಿ. ಪಟ್ಟಿಯ ಒಳಗೆ ಬೆರಳು ತೂರುವಷ್ಟು ಸಡಿಲ ಸಾಕು.

ಈಗ ಐದು ನಿಮಿಷ ಸುಮ್ಮನೆ ಕೂರಿ. ಇದನ್ನೇ ಎಲ್ಲರೂ ಬಿಡುವುದು. ಐದು ನಿಮಿಷ ಅಂದರೆ ಮೊಬೈಲ್ ನೋಡುತ್ತಾ ಐದು ನಿಮಿಷ ಅಲ್ಲ. ಫ್ಯಾಮಿಲಿ ಗ್ರೂಪಿನ ಮೆಸೇಜು ಓದುತ್ತಾ ಯಾರ ಬಿಪಿ ಇಳಿದಿದೆ ಹೇಳಿ? ಕಿಟಕಿ ಕಡೆ ನೋಡಿ. ಬಟನ್ ಒತ್ತಿದ ಮೇಲೆ ಮಾತು ಬೇಡ. ನನ್ನ ಹೆಂಡತಿ ಅಡುಗೆಮನೆಯಿಂದ "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂತ ಕೂಗಿದ್ದಕ್ಕೆ ಉತ್ತರ ಕೊಟ್ಟ ದಿನ ಎಂಟು ಅಂಕಿ ಜಾಸ್ತಿ ಬಂದಿತ್ತು. ಬುಕ್ ಮಾಡಿರಲಿಲ್ಲ ಅನ್ನುವುದೂ ಸೇರಿರಬಹುದು.

ಒಂದು ಸಲ ಅಳೆದ ಮೇಲೆ ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಎರಡನ್ನೂ ಬರೆಯಿರಿ. ರಾತ್ರಿ ಊಟಕ್ಕೆ ಮುಂಚೆ ಅಥವಾ ಮಲಗುವ ಮುಂಚೆ ಇದೇ ರೀತಿ ಎರಡು ಸಲ. ಟ್ರಾಫಿಕ್ಕಿನಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಕಟ್ಟಿಕೊಳ್ಳಬೇಡಿ, ಅರ್ಧ ಗಂಟೆ ಹೋಗಲಿ.

ಮೊದಲ ದಿನ ಎರಡೂ ತೋಳು ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದರಲ್ಲೇ ಅಳೆಯಿರಿ. ಮತ್ತೆ ಮತ್ತೆ ನೋಡಿದರೂ ಎರಡರ ನಡುವೆ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ಪರದೆಯ ಮೇಲೆ ಬಡಿತ ತಪ್ಪಿದ ಗುರುತು ಪದೇ ಪದೇ ಬಂದರೆ ಅದನ್ನೂ ಹೇಳಿ.

ಏಳು ದಿನದ ಚೀಟಿ

ಏಳು ದಿನ, ದಿನಕ್ಕೆ ನಾಲ್ಕು. ಒಟ್ಟು 28. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ, ಹೊಸ ಮಷಿನಿನ ಗಾಬರಿ ಅದರಲ್ಲಿ ಇರುತ್ತದೆ. ಮಿಕ್ಕ 24ರ ಸರಾಸರಿ ತೆಗೆಯಿರಿ. ವಾರ ಪೂರ್ತಿ ಆಗಲಿಲ್ಲ ಅಂದರೆ ಮೂರು ದಿನವಾದರೂ ಬೇಕು.

ನನ್ನ ಚೀಟಿಯ ಒಂದು ದಿನ ಹೀಗಿತ್ತು. ಮಂಗಳವಾರ ಬೆಳಿಗ್ಗೆ 6:40ಕ್ಕೆ 147/93, ಆಮೇಲೆ 143/91. ರಾತ್ರಿ 9:15ಕ್ಕೆ 138/88, ಆಮೇಲೆ 135/87. ಮೇಲಿನ ಅಂಕಿ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ 141, ಕೆಳಗಿನದು 90. ಬೆಳಿಗ್ಗೆ ಜಾಸ್ತಿ, ರಾತ್ರಿ ಸ್ವಲ್ಪ ಕಮ್ಮಿ. ಈ ಏರಿಳಿತವೇ ಡಾಕ್ಟರಿಗೆ ಬೇಕಾದ ಮಾಹಿತಿ.

ಚೆನ್ನಾಗಿ ಬಂದ ಅಂಕಿಯನ್ನು ಮಾತ್ರ ಬರೆಯುವ ಆಸೆ ಬರುತ್ತದೆ. ನನಗೂ ಬಂತು. ಗುರುವಾರ 149 ಬಂದಾಗ "ಇದು ಸರಿಯಾಗಿ ಬಂದಿಲ್ಲ" ಅಂತ ಮೂರು ಸಲ ಒತ್ತಿ 137 ಬಂದ ಮೇಲೆ ಅದನ್ನು ಬರೆದೆ. ಮಷಿನಿನ ಮೆಮೊರಿಯಲ್ಲಿ ಎಲ್ಲ ಕೂತಿತ್ತು. ಡಾಕ್ಟರ್ ಒಂದೊಂದೇ ಒತ್ತಿ ನೋಡಿ ನಕ್ಕರು. ಇನ್ನು ದಿನಕ್ಕೆ ಇಪ್ಪತ್ತು ಸಲ ಅಳೆಯುವವರೂ ಇದ್ದಾರೆ. ಅಳೆಯುವ ಭಯಕ್ಕೇ ಬಿಪಿ ಏರುತ್ತದೆ. ಹೇಳಿದ ಹೊತ್ತಿಗೆ ಅಳೆದು ಮಷಿನನ್ನು ಡಬ್ಬಿಗೆ ಹಾಕಿ.

ಸರಾಸರಿ ಬಂತು, ಮುಂದೆ?

130/80ರ ಒಳಗಿದ್ದರೆ ನಿರಾಳ, ಮುಂದಿನ ವರ್ಷ ಮತ್ತೆ ಒಂದು ವಾರ ನೋಡಿ. ಅಲ್ಲಿಂದ 135/85ರವರೆಗೆ ಇದ್ದರೆ ಉಪ್ಪು, ತೂಕ, ನಿದ್ದೆ ಕಡೆ ಗಮನ ಕೊಟ್ಟು ಕೆಲವು ತಿಂಗಳಲ್ಲಿ ಮತ್ತೆ ಅಳೆಯಿರಿ. ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರು ಇಷ್ಟಕ್ಕೂ ಡಾಕ್ಟರನ್ನು ಕೇಳಬೇಕು. 135/85 ಅಥವಾ ಮೇಲಿದ್ದರೆ ಚೀಟಿ ಹಿಡಿದು ಹೋಗಿ. ಕ್ಲಿನಿಕ್‌ನಲ್ಲಿ ಅಳೆದು "ನಾರ್ಮಲ್ ಇದೆಯಲ್ರೀ" ಅಂದರೆ ಸಂಕೋಚ ಬೇಡ, ಚೀಟಿಯನ್ನು ಮುಂದಿಡಿ. ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತಿಲ್ಲ. ವಾರ್ಡಿನಲ್ಲಿ ಸರ್ಕಾರ ನಡೆಸುವ "ನಮ್ಮ ಕ್ಲಿನಿಕ್"ನಲ್ಲೂ ಬಿಪಿ ನೋಡುತ್ತಾರೆ.

ಡಾಕ್ಟರ್ 24 ಗಂಟೆಯ ಬಿಪಿ ಪರೀಕ್ಷೆ ಹೇಳಬಹುದು. ಒಂದು ಚಿಕ್ಕ ಮಷಿನ್ ಸೊಂಟಕ್ಕೆ ಕಟ್ಟಿ ಕಳಿಸುತ್ತಾರೆ, ಅದು ಹಗಲೂ ರಾತ್ರಿ ತಾನೇ ಅಳೆಯುತ್ತಿರುತ್ತದೆ. ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯಬೇಕು. ಇಳಿಯದವರ ಹೃದಯಕ್ಕೆ ರಾತ್ರಿಯೂ ಬಿಡುವಿಲ್ಲ. ಮನೆಯ ಮಷಿನ್ ಇದನ್ನು ಹಿಡಿಯಲಾರದು. ಗೋಡೆ ದಪ್ಪ ಆಗಿದೆಯೋ ನೋಡಲು ಎಕೋ ಅನ್ನುವ ಹೃದಯದ ಸ್ಕ್ಯಾನ್, ಜೊತೆಗೆ ಇಸಿಜಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಸಕ್ಕರೆ, ಕೊಲೆಸ್ಟರಾಲ್ ಇಷ್ಟು ನೋಡುವುದು ವಾಡಿಕೆ.

ನೀವು ನುಂಗುವ ಬೇರೆ ಮಾತ್ರೆಗಳ ಹೆಸರು ಹೇಳಲು ಮರೆಯಬೇಡಿ. ಮಂಡಿನೋವಿಗೆ ತೊಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿ ಮಾತ್ರೆ, ಸ್ಟಿರಾಯ್ಡ್ ಇವು ಬಿಪಿ ಏರಿಸುತ್ತವೆ. ಕೆಮ್ಮಿಗೆ ಅಂತ ದಿನಾ ಅಗಿಯುವ ಜ್ಯೇಷ್ಠಮಧು ಕೂಡ.

ಉಪ್ಪಿನ ವಿಚಾರ ಎಲ್ಲರಿಗೂ ಗೊತ್ತು, ಲೆಕ್ಕ ಗೊತ್ತಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಸಾರು ಪಲ್ಯದ ಉಪ್ಪಷ್ಟೇ ಅಲ್ಲ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ಕಾಂಗ್ರೆಸ್ ಕಡ್ಲೇಬೀಜ, ಎಲ್ಲ ಸೇರಿ. ನಾನು ಮಜ್ಜಿಗೆಗೆ ಉಪ್ಪು ಬಿಟ್ಟೆ, ಉಪ್ಪಿನಕಾಯಿ ಭಾನುವಾರಕ್ಕೆ ಇಟ್ಟೆ. ಕಡ್ಲೇಬೀಜ ಇನ್ನೂ ಪೂರ್ತಿ ಬಿಟ್ಟಿಲ್ಲ. ಸೋಡಿಯಂ ಕಮ್ಮಿ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರು ಕೇಳದೆ ಬಳಸಬಾರದು.

ತಕ್ಷಣ ಏಳಬೇಕಾದ ಹೊತ್ತು

180/120 ಅಥವಾ ಮೇಲೆ ಬಂದರೆ ಗಾಬರಿಯಾಗದೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಅಷ್ಟೇ ಬಂದು, ಬೇರೆ ಏನೂ ತೊಂದರೆ ಇಲ್ಲದಿದ್ದರೆ ಅವತ್ತೇ ಡಾಕ್ಟರನ್ನು ಕಾಣಿ. ಎದೆ ಹಿಂಡುವ ನೋವು, ಉಸಿರಾಟದ ಕಷ್ಟ, ಮುಖ ಓರೆ, ಕೈ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೆ ಅಳೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳಿದ್ದರೆ ಬಿಪಿ ಎಷ್ಟೇ ಇರಲಿ ಅದೇ ದಾರಿ. ತಾನೇ ಸ್ಕೂಟರ್ ಓಡಿಸಿಕೊಂಡು ಹೋಗುವ ಸಾಹಸ ಬೇಡ.

ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ. ನಾಲಿಗೆ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಕಚ್ಚಿ ಬಿಪಿ ಇಳಿಸುವ ಹಳೇ ಪದ್ಧತಿ ಅಪಾಯ. ಬಿಪಿ ಧಡಕ್ಕನೆ ಬಿದ್ದು ಹೃದಯಕ್ಕೋ ಮಿದುಳಿಗೋ ರಕ್ತ ಸಾಲದೆ ಹೋಗಬಹುದು. ಗರ್ಭಿಣಿಯರ ಲೆಕ್ಕ ಬೇರೆ. ಅವರಿಗೆ 140/90 ಬಂದರೆ ವಾರದ ಸರಾಸರಿ ಕಾಯುವಂತಿಲ್ಲ, ಅವತ್ತೇ ತೋರಿಸಬೇಕು.

ಮಾತ್ರೆ ಶುರುವಾದ ಮೇಲೆ

ನನಗೆ ಒಂದು ಮಾತ್ರೆ ಶುರು ಮಾಡಿದರು. ಅಮ್ಮನಿಗೆ ಏನೂ ಕೊಡಲಿಲ್ಲ, ಆರು ತಿಂಗಳಿಗೊಮ್ಮೆ ಚೀಟಿ ತನ್ನಿ ಎಂದರು. ಅವಳಿಗೆ ಅದರ ಹೆಮ್ಮೆ ಇನ್ನೂ ಇಳಿದಿಲ್ಲ. ನಾನೀಗ ಡಾಕ್ಟರ್ ಹತ್ತಿರ ಹೋಗುವ ಹಿಂದಿನ ವಾರ ಏಳು ದಿನದ ಲೆಕ್ಕ ಮಾಡುತ್ತೇನೆ, ಮಿಕ್ಕಂತೆ ವಾರಕ್ಕೊಂದು ದಿನ. ನಾಲ್ಕು ದಿನ ಚೆನ್ನಾಗಿ ಬಂತು ಅಂತ ಮಾತ್ರೆ ನಿಲ್ಲಿಸುವ ಹಾಗಿಲ್ಲ, ಚೆನ್ನಾಗಿ ಬರುತ್ತಿರುವುದೇ ಮಾತ್ರೆಯಿಂದ. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಅದನ್ನೂ ಡಾಕ್ಟರಿಗೆ ಹೇಳಿ, ಡೋಸ್ ಬದಲಿಸುತ್ತಾರೆ.

ಪಟ್ಟಿಯ ಅಂಟು ಒಂದೆರಡು ವರ್ಷಕ್ಕೆ ಸಡಿಲವಾಗುತ್ತದೆ, ಪಟ್ಟಿ ಮಾತ್ರ ಬೇರೆ ಸಿಗುತ್ತದೆ. ನಮ್ಮದು ಇನ್ನೂ ಬೇಗ ಸಡಿಲವಾದೀತು. ಭಾನುವಾರ ಬೆಳಿಗ್ಗೆಯಾದರೆ ಅಕ್ಕಪಕ್ಕದವರು ತೋಳು ಮಡಚಿಕೊಂಡೇ ಬರುತ್ತಾರೆ. ಬಂದವರಿಗೆಲ್ಲ ಅಮ್ಮ ಮೊದಲು ಕಾಫಿ ತಂದುಕೊಡುತ್ತಿದ್ದಳು. ಈಗ ಅಳೆದಾದ ಮೇಲೆ ಕೊಡುತ್ತಾಳೆ.